ನಾಲ್ಕು ಪೆಗ್ಗಿಗೆ ಎಣ್ಣೆ

"ಪಿಟೀಲು ಇಷ್ಟೊಂದು ಊದ್ಕೊಂಡಿದೆಯಲ್ಲ ಸಾರ್, ಡಾಕ್ಟ್ರಿಗೆ ತೋರ್ಸಿದ್ರಾ?"

ಕೇಳಿದವನು ಪೀಣ್ಯದ ಬಸ್ಸಿನ ಕಂಡಕ್ಟರ್. ಅರ್ಧ ನನ್ನ ಮಡಿಲಲ್ಲಿ, ಅರ್ಧ ಪಕ್ಕದವರ ಮಡಿಲಲ್ಲಿ ಇದ್ದದ್ದು ಒಂದು ಚೆಲ್ಲೋ. ಪಿಟೀಲಿನ ದೊಡ್ಡಪ್ಪ ಎನ್ನಬಹುದು. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ.

"ತೋರ್ಸೋಕೇ ಹೋಗ್ತಿದೀನಿ" ಎಂದೆ. (ಎಂದೆನೇ? ಅಥವಾ ಹಾಗೆ ಹೇಳಬೇಕಿತ್ತು ಎಂದು ಆಮೇಲೆ ಅನ್ನಿಸಿತೇ? ಈಚೆಗೆ ನನಗೆ ಇವೆರಡರ ವ್ಯತ್ಯಾಸ ತಿಳಿಯುತ್ತಿಲ್ಲ.)

ಚೆಲ್ಲೋ ನನ್ನದಲ್ಲ. ವೈಟ್‌ಫೀಲ್ಡಿನ ಡೋರಾ ಮೇಡಂ ಅವರದು. ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು, ಈಗ ಎಪ್ಪತ್ತರ ಹತ್ತಿರ. ಪ್ರತಿ ಭಾನುವಾರ ಚರ್ಚಿನಲ್ಲಿ ಹಾಡುಗಳ ಜೊತೆ ನುಡಿಸುತ್ತಾರೆ. (ಮಾತಾಡುವುದು ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಸ್ವಲ್ಪ ಸೋರಿರಬಹುದು.)

ಚೆಲ್ಲೋಗೆ ನಾಲ್ಕು ತಂತಿ. ಕತ್ತಿನ ತುದಿಯಲ್ಲಿ ನಾಲ್ಕು ಮರದ ಬಿರಡೆ. ಮೇಡಂ ಅದನ್ನು ಪೆಗ್ ಎನ್ನುತ್ತಾರೆ. ಒಳಕ್ಕೆ ಒತ್ತುತ್ತಾ ತಿರುಗಿಸಬೇಕು, ತೂತಿನಲ್ಲಿ ಕಚ್ಚಿಕೊಂಡರಷ್ಟೇ ನಿಲ್ಲುತ್ತದೆ. ಕೂದಲೆಳೆಯಷ್ಟು ಜಾಸ್ತಿ ತಿರುಗಿದರೂ ಶ್ರುತಿ ಎಲ್ಲಿಗೋ ಹೋಯಿತು. ಅದಕ್ಕೇ ಕೆಳಗೆ, ತಂತಿಯ ಇನ್ನೊಂದು ತುದಿಯಲ್ಲಿ, ಒಂದು ಪುಟ್ಟ ಸ್ಕ್ರೂ ಇರುತ್ತದೆ. ಫೈನ್ ಟ್ಯೂನರ್. ಎರಡು ಬೆರಳಲ್ಲಿ ತಿರುಗಿಸಿ ಶ್ರುತಿಯನ್ನು ನವಿರಾಗಿ ಸರಿಪಡಿಸಬಹುದು. ಮೇಡಂ ಚೆಲ್ಲೋದಲ್ಲಿ ಅದು ಇದ್ದದ್ದು ಒಂದೇ ತಂತಿಗೆ.

ಅವರ ಬೆರಳ ಗಂಟುಗಳು ಊದಿವೆ. ಪೆಗ್ ತಿರುಗಿಸಲು ಆಗುವುದಿಲ್ಲ. ಇಷ್ಟು ದಿನ ಗಂಡ ಮಾಡಿಕೊಡುತ್ತಿದ್ದರು, ಹೋದ ವರ್ಷ ತೀರಿಕೊಂಡರು. ಚರ್ಚಿನಲ್ಲಿ ಆರ್ಗನ್ ನುಡಿಸುವ ತರುಣ, ಇನ್ನು ನಾನು ಶ್ರುತಿ ಮಾಡಿಕೊಡುತ್ತೇನೆ ಎಂದನಂತೆ.

"ನನ್ನ ಕೈಯಲ್ಲಿ ಶ್ರುತಿ ಮಾಡಲು ಆಗದ ದಿನ ನುಡಿಸುವುದನ್ನೂ ಬಿಡುತ್ತೇನೆ" ಎಂದರಂತೆ ಮೇಡಂ. ಅವರು ಬೆದರಿಕೆ ಹಾಕುವವರಲ್ಲ. ಮುಂಚಿತವಾಗಿ ತಿಳಿಸುವವರು.

ಉಳಿದ ಮೂರು ತಂತಿಗೂ ಸ್ಕ್ರೂ ಬೇಕಿತ್ತು. ಸಿಟಿಯ ಅಂಗಡಿಯವರು ವಿದೇಶದಿಂದ ತರಿಸೋಣ ಎಂದರು. ಅಂದರೆ ಬರುವುದಿಲ್ಲ ಎಂದರ್ಥ. ನಾನು ಕೆಲಸ ಮಾಡುವುದು ಪೀಣ್ಯದ ಕಾರ್ಖಾನೆಯೊಂದರಲ್ಲಿ. ನಮ್ಮ ಟೂಲ್ ರೂಮಿನ ಫಿಟ್ಟರ್ ನಂಜುಂಡಪ್ಪ ನಾಗಸಂದ್ರದವನು, ಲೇತಿನ ಮೇಲೆ ಏನನ್ನಾದರೂ ಮಾಡಬಲ್ಲ. ಇರುವ ಒಂದು ಸ್ಕ್ರೂವನ್ನು ತೋರಿಸಿದೆ.

"ಆ ಅಮ್ಮಂಗೆ ಯಾವ ಬೆಳ್ಳು ನೋವು ಸಾರ್?"

"ಹೆಬ್ಬೆರಳು, ಅದರ ಪಕ್ಕದ್ದು."

"ಅಂಗಾದ್ರೆ ಸ್ಕ್ರೂ ತಲೆ ದೊಡ್ಡದ್ ಮಾಡಣ. ಇಸುಕೋದು ಬ್ಯಾಡ, ಸವ್ರುದ್ರೆ ಸಾಕು." ಆಮೇಲೆ ಮೇಲಿನ ಬಿರಡೆಗಳನ್ನು ಅಲುಗಿಸಿ ನೋಡಿದ. ಕಿರ್ ಎಂದವು. "ಇವು ಯಾಕ್ ಸಾರ್ ಇಷ್ಟು ಟೈಟು?"

"ಅವು ಪೆಗ್ಗು."

"ನಾಕು ಪೆಗ್ಗಿಗೆ ನಮ್ ಫೋರ್ಮನ್ನೂ ಟೈಟೇ."

ನಕ್ಕೆವು. ಸ್ಮೂತಾಗಿ ತಿರುಗಬೇಕು ಎಂದು ಹೇಳಿ ನಾನು ಬಂದೆ. ಶನಿವಾರ ಹೋದಾಗ ಮೂರು ಹಿತ್ತಾಳೆಯ ಸ್ಕ್ರೂ ಕೂತಿದ್ದವು. ತಲೆ ರೂಪಾಯಿ ನಾಣ್ಯದಷ್ಟು ಅಗಲ, ಬೆರಳು ಜಾರದಂತೆ ಅಂಚಿಗೆಲ್ಲ ಗೆರೆ.

ಮತ್ತೆ ಬಸ್ಸು, ಇನ್ನೊಂದು ಬಸ್ಸು, ವೈಟ್‌ಫೀಲ್ಡ್. ಮೇಡಂ ಮುಂದೆ ಮೊದಲ ಪೆಗ್ ತಿರುಗಿಸಿದೆ. ಸದ್ದಿಲ್ಲದೆ ತಿರುಗಿತು. ಕೈ ಬಿಟ್ಟೆ. ಸದ್ದಿಲ್ಲದೆ ವಾಪಸ್ ಬಂತು. ತಂತಿ ಜೋತುಬಿತ್ತು. ನಾಲ್ಕೂ ಹಾಗೇ.

ಮೇಡಂ ಮೂಸಿ ನೋಡಿದರು. "ಇದು ಹೊಲಿಗೆ ಮಷೀನಿನ ವಾಸನೆ."

"ಫಿಟ್ಟರ್ ಎಣ್ಣೆ ಹಾಕಿಬಿಟ್ಟಿದ್ದಾನೆ ಮೇಡಂ. ಕೇಳದೆ."

ಕಿರುಗುಟ್ಟಿದ್ದಕ್ಕೆಲ್ಲ ಎಣ್ಣೆ ಎನ್ನುವುದು ನಮ್ಮ ಪೀಣ್ಯದ ಕಡೆಯ ಧರ್ಮ. ಬಾಗಿಲು, ಬೇರಿಂಗು, ಇನ್ಸ್‌ಪೆಕ್ಟರು. ಕಿರುಗುಟ್ಟುತ್ತಿದ್ದರಷ್ಟೇ ನಿಲ್ಲುವ ವಸ್ತುಗಳೂ ಇವೆ ಎಂದು ನಮಗೆ ಹೇಳಿಕೊಟ್ಟವರು ಯಾರು?

ಮರುದಿನ ಭಾನುವಾರ. ಒಂದೊಂದೇ ಪೆಗ್ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿ, ಸೀಮೆಸುಣ್ಣ ಉಜ್ಜಿ ಹಾಕಿದೆ. ಟೀಚರ್ ಮನೆಯಲ್ಲವೇ, ಸೀಮೆಸುಣ್ಣಕ್ಕೆ ಬರವಿರಲಿಲ್ಲ. ಪೆಗ್ಗುಗಳು ನಿಂತವು, ಮನಸ್ಸಿಲ್ಲದ ಮನಸ್ಸಿನಿಂದ.

ಚರ್ಚಿನಲ್ಲಿ ಮೊದಲ ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿದಿತ್ತು. ಆರ್ಗನ್ ತರುಣ ಸಹಾಯಕ್ಕೆಂದು ಅರ್ಧ ಎದ್ದ. ಮೇಡಂ ಕೈಯಲ್ಲಿದ್ದ ಕಮಾನಿನ ಸನ್ನೆಯಲ್ಲೇ ಕೂರು ಎಂದರು. ಬಾಗಿ, ಎರಡು ಬೆರಳಲ್ಲಿ ಹಿತ್ತಾಳೆ ಸ್ಕ್ರೂ ಸವರಿದರು. ಸ್ವರ ಮೇಲೇರಿ ತನ್ನ ಜಾಗದಲ್ಲಿ ನಿಂತಿತು. ಅಲ್ಲಿಂದ ಪ್ರತಿ ಹಾಡಿನ ಮುಂಚೆಯೂ ಇದೇ. ಇಡೀ ಚರ್ಚು ಕಾಯಿತು. ಕೊನೆಯ ಹಾಡಿನ ಹೊತ್ತಿಗೆ ಒಂದು ಸ್ಕ್ರೂ ಪೂರ್ತಿ ಒಳಹೋಗಿ, ಇನ್ನು ತಿರುಗುವುದಿಲ್ಲ ಎಂದಿತು. ಆ ತಂತಿಯನ್ನು ಮುಟ್ಟದೆ ಮೂರರಲ್ಲೇ ಮುಗಿಸಿದರು.

ಹೊರಗೆ ಬಂದವರೇ ಹೇಳಿದರು: "ಮುಂದಿನ ಭಾನುವಾರವೂ ನುಡಿಸುತ್ತೇನೆ. ನಿಮ್ಮ ಫಿಟ್ಟರಿಗೆ ಸ್ಕ್ರೂಗಳಿಗಾಗಿ ನನ್ನ ಥ್ಯಾಂಕ್ಸ್ ತಿಳಿಸು. ಎಣ್ಣೆಯನ್ನು ಕ್ಷಮಿಸಿದ್ದೇನೆ ಎಂದೂ ಹೇಳು."

ಸೋಮವಾರ ನಂಜುಂಡಪ್ಪನಿಗೆ ಥ್ಯಾಂಕ್ಸ್ ತಲುಪಿಸಿದೆ. ಖುಷಿಪಟ್ಟ. ಆಮೇಲೆ ಮೆಲ್ಲಗೆ, "ಪೆಗ್ಗಿಗೆ ಎಣ್ಣೆ ಹಾಕಬಾರದಿತ್ತಂತೆ" ಎಂದೆ.

"ನಂಗೂ ಅಂಗೇ ಅನ್ನುಸ್ತು ಸಾರ್, ಮರಕ್ಕೆ ಯಾಕೆ ಎಣ್ಣೆ ಅಂತ. ಎಲ್ಲಾ ಸ್ಮೂತಾಗಿ ತಿರುಗ್ಬೇಕು ಅಂದ್ರಿ. ಪೆಗ್ಗೂನಾ ಅಂತ ಕೇಳ್ದೆ. ಊಂ ಅಂದ್ರಿ."

"ಊಂ ಅಂದೆನಾ?"

"ಎಲ್ಡ್ ಸತಿ."

ಮನೆಗೆ ಬಂದು ಡೈರಿ ತೆಗೆದೆ. ಆ ದಿನ ಬರೆದಿದ್ದು ಇಷ್ಟೇ: "ಚೆಲ್ಲೋ ಕೊಟ್ಟೆ. ಬಸ್ಸು ರಶ್ಶು." ನನ್ನ ಪರವಾಗಿ ಸಾಕ್ಷಿ ಹೇಳಲು ಬೇರೆ ಯಾರೂ ಇಲ್ಲ. "ಕೇಳದೆ" ಎಂದು ಮೇಡಂಗೆ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಹೀಗಾಗಿ ಕ್ಷಮೆಯನ್ನು ನಂಜುಂಡಪ್ಪನಿಗೆ ಕೊಟ್ಟಿಲ್ಲ. ಅದು ನನಗೇ ಸೇರಬೇಕಾದದ್ದಾದರೆ, ಮೇಡಂಗೆ ತಿಳಿಸದೆ ಇಟ್ಟುಕೊಳ್ಳಬಹುದೇ?