ಭಂಡಾರ ಹಚ್ಚಿದ ಕೀಲಿ

ಶಿಗ್ಗಾವಿ ತಾಲ್ಲೂಕಿನ ನಮ್ಮೂರ ದವಾಖಾನೆ ಈಗ ಜಾಲಿ ಬೆಳೆದ ಮೂರು ಕಟ್ಟಡ. ಹೆರಿಗೆ ಕೋಣೆಯಲ್ಲಿ ಆಡುಗಳು ಈಯುತ್ತವೆ. ಅಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳು ಸಾವಂತ್ರವ್ವ. ಕಸ ಹೊಡೆಯುವುದು, ರಕ್ತದ ಬಟ್ಟೆ ಒಗೆಯುವುದು, ಹಿಂದಿನ ಪಡಸಾಲೆಯ ಒಲೆಯ ಮೇಲೆ ಸದಾ ಒಂದು ಹಂಡೆ ನೀರು ಕಾಯಿಸಿಡುವುದು ಅವಳ ಕೆಲಸ. ಡಾಕ್ಟರು ಬರಲಿ ಬಿಡಲಿ, ಆ ಒಲೆ ಆರಿದ್ದನ್ನು ಯಾರೂ ಕಂಡಿರಲಿಲ್ಲ.

ಆರಿಸಿದವರು ನಾವು.

ಎರಡು ವರ್ಷದಿಂದ ಡಾಕ್ಟರಿರಲಿಲ್ಲ. ನರ್ಸಮ್ಮ ಒಬ್ಬಳೇ ಹೆರಿಗೆ ಮಾಡಿಸುತ್ತಿದ್ದಳು. ಧರಣಿ ಕೂತು ಕೂತು ಬೇಸತ್ತು, ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಮುಂಬಾಗಿಲಿಗೆ ಕೀಲಿ ಜಡಿದೆವು. ಅಷ್ಟಕ್ಕೇ ಬಿಡಲಿಲ್ಲ. ಕೀಲಿಗೆ ಮೈಲಾರಲಿಂಗನ ಭಂಡಾರದ ಅರಿಶಿಣ ಹಚ್ಚಿ, ಡಾಕ್ಟರು ಬರುವ ತನಕ ತೆಗೆಯುವುದಿಲ್ಲವೆಂದು ಊರೆಲ್ಲ ಅದನ್ನು ಮುಟ್ಟಿ ಆಣೆ ಮಾಡಿತು. ಮಾಡಿಸಿದವನು ನಾನು.

"ಅಣ್ಣಾ, ಒಳಗ ಒಲಿ ಮ್ಯಾಲ ನೀರಿಟ್ಟೇನ್ರಿ," ಎಂದಳು ಸಾವಂತ್ರವ್ವ.

"ಕಾಯ್ಲಿ ಬಿಡವಾ. ಡಾಕ್ಟರ್ ಬಂದು ಜಳಕಾ ಮಾಡ್ತಾರ," ಎಂದೆ.

ಎಲ್ಲರೂ ನಕ್ಕರು.

"ನನ್ನ ಮಗಳು ಹಡ್ಯಾಕ ಬಂದಾಳ್ರಿ."

"ಎಂಟ ದಿನದಾಗ ಡಾಕ್ಟರ್‌ನ ತರ್ತೇವಿ, ತಡಿ."

ಐದನೆಯ ದಿನ ಮಧ್ಯಾಹ್ನ ಮಗಳು ಮಲ್ಲಿಕಾಳಿಗೆ ಬೇನೆ ಶುರುವಾಯಿತು. ಚೊಚ್ಚಲೆಂದು ತವರಿಗೆ ಬಂದಿದ್ದವಳು. ನರ್ಸಮ್ಮ ಕ್ವಾರ್ಟರ್ಸಿನಲ್ಲೇ ಇದ್ದಳು. ಸಾಮಾನೆಲ್ಲ ಕೀಲಿಯ ಒಳಗೆ. ನಾನು ಮನವಿ ಕೊಡಲು ಹಾವೇರಿಗೆ ಹೋಗಿದ್ದೆ, ಕೀಲಿಕೈ ನನ್ನ ಕಿಸೆಯಲ್ಲಿ. ಸಾವಂತ್ರವ್ವ ಕಲ್ಲು ಹಿಡಿದು ಬಾಗಿಲ ಮುಂದೆ ನಿಂತಳಂತೆ. ಭಂಡಾರ ಕಂಡು ಕೈ ಏಳಲಿಲ್ಲ. ಅವಳೂ ಆಣೆ ಮಾಡಿದವಳೇ. ನೆರೆದ ಗಂಡಸರಲ್ಲಿ ಒಬ್ಬನೂ ಆ ಕಲ್ಲು ಇಸಿದುಕೊಳ್ಳಲಿಲ್ಲ. ಟಂಟಂ ರಿಕ್ಷಾದಲ್ಲಿ ಶಿಗ್ಗಾವಿಗೆ ಹೊರಟರು. ಕೂಸು ದಾರಿಯಲ್ಲೇ ಹುಟ್ಟಿತು. ಅಳಲಿಲ್ಲ.

ಡಾಕ್ಟರೂ ಬರಲಿಲ್ಲ. ಬಾಗಿಲೇ ಮುಚ್ಚಿದೆಯಲ್ಲ ಎಂದು ಬರೆದುಕೊಂಡು ಮೇಲಿನವರು ಕೊಂಡಿ ಒಡೆಸಿ ಮಂಚಗಳನ್ನೂ, ಜೊತೆಗೆ ನರ್ಸಮ್ಮನನ್ನೂ ಬೇರೆ ಊರಿಗೆ ಒಯ್ದರು. ಸಾವಂತ್ರವ್ವನ ಕೆಲಸ ಹೋಯಿತು. ಮಲ್ಲಿಕಾ ಎರಡನೆಯ ಹೆರಿಗೆಗೆ ತವರಿನ ಕಡೆ ತಲೆ ಹಾಕಲಿಲ್ಲ.

ಹನ್ನೊಂದು ವರ್ಷದ ಮೇಲೆ, ಹೋದ ತಿಂಗಳು, ಕೀಲಿಕೈ ಹಿಡಿದು ಸಾವಂತ್ರವ್ವನ ಮನೆಗೆ ಹೋದೆ. ಒಲೆಯ ಮೇಲೆ ನೀರು ಕಾಯುತ್ತಿತ್ತು.

"ಇದನ್ನ ನೀ ಇಟ್ಕೋ ಸಾವಂತ್ರವ್ವಾ. ನಂದು ತಪ್ಪಾತು."

ತಿರುಗಿಸಿ ನೋಡಿದಳು. "ಬಾಗಲಾ ಯಾರೋ ಕಿತ್ಕೊಂಡು ಹೋಗಿ ಆರು ವರ್ಷಾತು. ಇದನ್ನ ಎಲ್ಲಿ ಹಚ್ಲಿರಿ?"

ನಾನು ಹೊಸ್ತಿಲ ಮೇಲೆ ಕೂತೆ.

"ಡಾಕ್ಟರ್ ಬಂದಾರೇನ್ರಿ?"

"ಇಲ್ಲ."

"ಹಂಗಾರ ಆಣಿ ಇನ್ನೂ ಐತಿ. ನೀವ ಇಟ್ಕೋರಿ."

ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, ಚಹಾಕ್ಕೆಂದು ಹಂಡೆಯಿಂದ ನೀರು ತೋಡಿಕೊಂಡಳು.