ಶಾಂತತ್ತಿಯ ಎದುರು ಕುಳಿತು ಕಲಿತ ಅಕ್ಷರ

ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಹನ್ನೊಂದರ ಹೊತ್ತಿಗೆ ಅದು ಶುರುವಾಯಿತೆಂದರೆ ಬಿಸಿ ಜೋಳದ ಹಿಟ್ಟಿನ ವಾಸನೆ ಕಿಟಕಿಯಿಂದ ನೇರ ಒಂದನೇ ಕ್ಲಾಸಿಗೆ ಬರುತ್ತದೆ. ಮಕ್ಕಳು ಮೂಗು ಅರಳಿಸುತ್ತಾರೆ, ನಾನೂ ಅರಳಿಸುತ್ತೇನೆ. ಕಲಬುರಗಿಯ ಈ ಸಣ್ಣ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಓದಲು ಕಲಿಸುವುದು ನನ್ನ ಕೆಲಸ. ಯಾವ ತರಬೇತಿಯನ್ನೂ ಪಡೆದವಳಲ್ಲ ನಾನು. ಲಗ್ನಪತ್ರಿಕೆಗಳ ಖಾಲಿ ಬೆನ್ನಿಗೆ ಅಕ್ಷರ ಬರೆದುಕೊಂಡು, ಮಕ್ಕಳ ಮುಖ ನೋಡಿ ನೋಡಿ ಕಲಿತವಳು. ನನ್ನನ್ನು ಕಾಡುವ ಕುತೂಹಲ ಒಂದೇ: ಕಪ್ಪು ಗೆರೆಗಳನ್ನೇ ದಿಟ್ಟಿಸುತ್ತ ಕುಳಿತ ಮಗು ಇದ್ದಕ್ಕಿದ್ದಂತೆ ‘ಮರ’ ಎಂದುಬಿಡುತ್ತದಲ್ಲ, ಅದಕ್ಕಿಂತ ಒಂದು ಗಳಿಗೆ ಮುಂಚೆ ಅದಕ್ಕೆ ಏನು ಕಾಣುತ್ತಿತ್ತು? ಯೋಚಿಸುತ್ತ ಹೋದಂತೆ ಆ ವಾಸನೆ ನನ್ನನ್ನು ಕಮಲಾಪುರದ ನಮ್ಮ ಹಳೆಯ ಅಡುಗೆಮನೆಗೆ ಒಯ್ದು ಕೂರಿಸುತ್ತದೆ.

ಹನ್ನೆರಡು ಜನರ ಮನೆ ಅದು. ಬೆಳಗಾದರೆ ಅಪ್ಪನ ಅಕ್ಕ, ನಮ್ಮ ಶಾಂತತ್ತಿ, ಒಲೆಯ ಮುಂದೆ ಕುಳಿತು ಅಷ್ಟೂ ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳ ತಾಯಿಗೆ, ಅಂದರೆ ನಮ್ಮ ಆಯಿಗೆ, ಕೈ ಸ್ವಾಧೀನ ತಪ್ಪಿತಂತೆ. ಮನೆಯ ರೊಟ್ಟಿ ಆ ದಿನದಿಂದ ಅತ್ತಿಯ ಪಾಲಿಗೆ ಬಂತು, ಶಾಲೆ ಬಿಟ್ಟುಹೋಯಿತು. ನನಗೆ ಐದು ವರ್ಷವಾದಾಗ ಅವಳು ತನ್ನ ಎದುರಿಗೆ, ಹೊಗೆ ಬಾರದ ಕಡೆ, ನನ್ನನ್ನು ಕೂರಿಸಿಕೊಳ್ಳತೊಡಗಿದಳು. ಹಲಗೆಯ ಮೇಲೆ ಹಿಟ್ಟು ಉದುರಿಸಿ, ತೋರುಬೆರಳಿನಿಂದ ಒಂದು ಅಕ್ಷರ ಬರೆದು, ತಲೆ ವಾರೆ ಮಾಡಿ, ಕಣ್ಣೆತ್ತಿ ನೋಡುತ್ತಿದ್ದಳು. ನಾನು ಹೇಳಬೇಕು, ಪಕ್ಕದಲ್ಲಿ ಹಾಗೇ ಬರೆಯಬೇಕು. ಆಮೇಲೆ ಅವಳು ಅದರ ಮೇಲೇ ಹಿಟ್ಟಿನ ಮುದ್ದೆ ಇಟ್ಟು ಬಡಿದರೆ ಅಕ್ಷರ ರೊಟ್ಟಿಯೊಳಗೆ ಹೋಗಿಬಿಡುತ್ತಿತ್ತು. ಅಕ್ಷರ ಮುಗಿದ ಮೇಲೆ ಸಣ್ಣ ಸಣ್ಣ ಪದ, ಸಾಲುಗಳೂ ಹೀಗೇ. ಉಬ್ಬಿದ ರೊಟ್ಟಿಯನ್ನು ನನ್ನ ತಾಟಿಗೆ ಹಾಕುತ್ತ, “ಸರಿ ಓದಿದಿ, ತಗೋ” ಅನ್ನುತ್ತಿದ್ದಳು. ಕೆಂಪು ಖಾರ, ಒಂದಿಷ್ಟು ಎಣ್ಣೆ, ಮತ್ತು ‘ಗ’ ತಿಂದೆನೆಂಬ ಜಂಬ.

ಪಡಸಾಲೆಯಿಂದ ಮುತ್ಯಾ, ಅಪ್ಪನ ಅಪ್ಪ, ಕೆಣಕುತ್ತಿದ್ದರು. “ಬರದಿದ್ದೆಲ್ಲಾ ಹೊಟ್ಟ್ಯಾಗ ಹೋತು. ತಲ್ಯಾಗ ಏನ್ ಉಳೀತವ್ವಾ ಶಾಂತಾ?”

“ಸಾಲಿಗಿ ಹೋದ ದಿನ ನೋಡು ಅಪ್ಪಾ. ಮಾಸ್ತರ ಬಾಯಿ ಮ್ಯಾಲ ಬೆರಳ ಇಡತಾರ.”

ಆ ದಿನ ಬಂತು. ಮಾಸ್ತರರು ಪುಸ್ತಕ ಬಿಡಿಸಿ ನನ್ನ ಮುಂದೆ ಹಿಡಿದರು. ನನಗೆ ಒಂದಕ್ಷರವೂ ಗುರುತು ಸಿಗಲಿಲ್ಲ. ಹೆದರಿ ಪುಸ್ತಕವನ್ನು ಇಸಿದುಕೊಂಡು ತಲೆಕೆಳಗೆ ಮಾಡಿದೆ, ಆಗ ಎಲ್ಲವೂ ನನ್ನ ಅಕ್ಷರಗಳಾದವು. ಬಲಗಡೆಯಿಂದ ಓದತೊಡಗಿದೆನೋ ಇಲ್ಲವೋ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಂಜೆ ಮಾಸ್ತರರು ಅಪ್ಪನಿಗೆ ಹೇಳಿ ಕಳಿಸಿದರು: “ಈಕಿಗಿ ಪುಸ್ತಕ ಹಿಡೀಲಾಕೇ ಬರಂಗಿಲ್ಲ. ಒಂದ್ ವರ್ಷ ಮನ್ಯಾಗೇ ಇಟಗೋರಿ.”

ಮನೆಯಲ್ಲಿ ಒಂದು ವರ್ಷ ಎಂದರೆ ಏನೆಂದು ಶಾಂತತ್ತಿಗೆ ಗೊತ್ತಿತ್ತು. ಅವಳನ್ನೂ ಹಿಂದೆ ಒಂದು ವರ್ಷಕ್ಕೆಂದೇ ಬಿಡಿಸಿದ್ದರು. ಅವಳು ನನ್ನನ್ನು ಹಲಗೆಯ ಮುಂದೆ ಕೂರಿಸಿ, ಒಂದು ಅಕ್ಷರ ಬರೆಯಲು ಹೇಳಿದಳು. ಬರೆದೆ. ಎದ್ದು, ಹಲಗೆಯನ್ನು ಸುತ್ತುಹಾಕಿ, ನನ್ನ ಬೆನ್ನ ಹಿಂದೆ ಬಂದು ಬಗ್ಗಿ ನೋಡಿದಳು. ‘ಗ’ದ ತಲೆಕಟ್ಟು ಅದರ ಕಾಲಡಿ ಬಿದ್ದಿತ್ತು. ಅಷ್ಟು ದಿನ ಅವಳು ಬರೆದದ್ದು ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ನಾನು ಹಾಗೇ ಬರೆದದ್ದು, ಎದುರು ಕುಳಿತ ಅವಳಿಗೆ ನೆಟ್ಟಗೆ ಕಾಣುತ್ತಿತ್ತು. ಇಬ್ಬರಿಗೂ ಅನುಮಾನವೇ ಬಂದಿರಲಿಲ್ಲ.

ಮರುದಿನ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ನನ್ನನ್ನು ಎಳೆದುಕೊಂಡು ಶಾಲೆಗೆ ನಡೆದಳು. ತಾನು ಬಿಟ್ಟ ಮೇಲೆ ಅದೇ ಮೊದಲ ಸಲ ಅವಳು ಆ ಬಾಗಿಲು ದಾಟಿದ್ದು. ಮಾಸ್ತರರ ಮೇಜಿನ ಮುಂದೆ ನಿಂತು, “ಸರ, ಪುಸ್ತಕ ನೀವು ಓದೂ ಹಂಗೇ ಹಿಡೀರಿ. ಈಕಿ ಎದುರ ನಿಂತು ಓದ್ತಾಳ” ಎಂದಳು. ಮಾಸ್ತರರು ಹಿಡಿದರು. ನಾನು ತಡೆಯದೆ ಮೂರು ಪುಟ ಓದಿದೆ.

ಅವರು ಕನ್ನಡಕ ತೆಗೆದರು. “ಇದೇನ ತಾಯಿ! ಇನ್ನ ಮ್ಯಾಲ ನಾ ತಲಿಕೆಳಗ ನಿಂತು ಪಾಠ ಮಾಡ್ಬೇಕೇನು?”

“ಬ್ಯಾಡ್ರಿ ಸರ. ತಪ್ಪು ನಂದು, ತಿದ್ದದೂ ನಂದೇ. ದೀಪಾವಳಿ ತನಕ ಆಕಿನ್ನ ಮನಿಗಿ ಕಳಸಬ್ಯಾಡ್ರಿ.”

ಮಾಸ್ತರರು ಒಪ್ಪಿದರು. ಆವತ್ತಿನಿಂದ ನನ್ನ ಜಾಗ ಬದಲಾಯಿತು, ಅವಳ ಎದುರಲ್ಲ, ಪಕ್ಕ. ಹೊಗೆ ನೇರ ಕಣ್ಣಿಗೆ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಅವಳ ಮೊಳಕೈ ನನ್ನ ಭುಜಕ್ಕೆ ತಾಗುತ್ತಲೇ ಇರುತ್ತಿತ್ತು. ಅಕ್ಷರಗಳು ಒಂದೊಂದಾಗಿ ಕಾಲೂರಿ ನಿಂತವು. ದೀಪಾವಳಿಗೆ ಇನ್ನೂ ವಾರವಿರುವಾಗಲೇ ನಾನು ನೆಟ್ಟಗೆ ಓದಿದೆ, ಮುತ್ಯಾ ಆ ದಿನ ಕೆಣಕಲಿಲ್ಲ. ಆದರೆ ಹಳೆಯ ವಿದ್ಯೆ ಹೋಗಲಿಲ್ಲ ನೋಡಿ. ಮುಂದೆ ಕಲಿತ ಇಂಗ್ಲಿಷ್ ಕೂಡ ನನಗೆ ಎರಡೂ ಕಡೆಯಿಂದ ಸಲೀಸು. ಬ್ಯಾಂಕಿನಲ್ಲಿ, ಆಫೀಸಿನಲ್ಲಿ, ಮೇಜಿನಾಚೆ ಏನು ಬರೆದರೂ ಅವರು ತಿರುಗಿಸಿ ಕೊಡುವ ಮೊದಲೇ ಓದಿ ಮುಗಿಸಿರುತ್ತೇನೆ.

ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಹಾಗೇ ಆಯಿತು. ತಿಂಗಳುಗಟ್ಟಲೆ ಹೊಟ್ಟೆನೋವೆನ್ನುತ್ತಿದ್ದ ಶಾಂತತ್ತಿಯನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಸ್ಕ್ಯಾನ್ ನೋಡಿ, ಮೇಜಿನಾಚೆ ಫೈಲಿನಲ್ಲಿ ಎರಡು ಸಾಲು ಬರೆದು, ಮುಚ್ಚಿ, “ಇನ್ನೊಂದೆರಡು ಟೆಸ್ಟ್ ಮಾಡಸೋಣ್ರಿ” ಎಂದು ನಕ್ಕರು. ಹೊರಗೆ ಮೆಟ್ಟಿಲ ಮೇಲೆ ಅತ್ತಿ ಕುಳಿತಳು.

“ಏನ್ ಬರದಾರವ್ವಾ?”

“ಕಾಣಲಿಲ್ಲ ಅತ್ತಿ. ಅವರ ಕಡಿ ಇತ್ತು.”

ಅವಳು ನಕ್ಕಳು. “ಎದುರಿಂದು ನಿನಗ ಕಾಣಲಿಲ್ಲಾ? ಯಾರ ಮುಂದ ಹೇಳ್ಲಾಕತ್ತಿ? ಓದು.”

ಓದಿದೆ. ಗಡ್ಡೆ ಎಲ್ಲಿದೆ, ಎಲ್ಲೆಲ್ಲಿ ಹಬ್ಬಿದೆ, ಆಪರೇಷನ್ನಿನಿಂದ ಉಪಯೋಗವಿಲ್ಲ ಎಂಬುದನ್ನು ಕನ್ನಡದಲ್ಲಿ, ಮೆಲ್ಲಗೆ ಹೇಳಿದೆ. ಅವಳು ಹಿಂದಿನಂತೆಯೇ ತಲೆ ವಾರೆ ಮಾಡಿ ಕೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, “ಸರಿ ಓದಿದಿ” ಎಂದಳು. ‘ತಗೋ’ ಅನ್ನಲಿಲ್ಲ.

ಅತ್ತಿ ಹೋದಳು, ಮನೆಯೂ ಹೋಯಿತು. ಒಲೆಯಿದ್ದ ಜಾಗದಲ್ಲಿ ಈಗ ಝೆರಾಕ್ಸ್ ಅಂಗಡಿ. ಕಮಲಾಪುರಕ್ಕೆ ಹೋದಾಗ ಬೇಡವಾದರೂ ಒಂದು ಕಾಗದ ಝೆರಾಕ್ಸ್ ಮಾಡಿಸಿ, ಬಿಸಿ ಆರುವ ತನಕ ಕೈಯಲ್ಲೇ ಹಿಡಿದು ನಿಲ್ಲುತ್ತೇನೆ. ನಿಮಗೂ ಇಂಥದೊಂದು ಜಾಗ ಇರಬಹುದು, ಅಲ್ಲಿ ಈಗ ಇನ್ನೇನೋ ಇರಬಹುದು.

ಮೊನ್ನೆ ಗಿರಣಿ ಶುರುವಾದಾಗ ರೇಣುಕಾ ಎಂಬ ಆರು ವರ್ಷದ ಹುಡುಗಿ ಒಂದು ಪದಕ್ಕೆ ಸಿಕ್ಕಿಕೊಂಡು ಕುಳಿತಿದ್ದಳು. ಎದುರು ಕುರ್ಚಿಯಲ್ಲಿದ್ದ ನಾನು ಎದ್ದು, ಜಮಖಾನದ ಮೇಲೆ ಅವಳ ಪಕ್ಕ ಕುಳಿತೆ. ಅವಳಿಗೆ ಕಾಣುವುದು ನನಗೂ ಅಲ್ಲಿಂದಲ್ಲವೆ ಕಾಣಬೇಕು? ಬೆರಳು ಪದದ ಕೆಳಗೆ ಇಟ್ಟೆ. ಅವಳು ಓರೆಗಣ್ಣಿನಿಂದ ನೋಡಿದಳು.

“ಟೀಚರ್, ನಿಮ್ ಮೊಳಕೈ ತಾಗ್ಲಾಕತ್ತದ್ರಿ.”

“ತಾಗ್ಲಿ,” ಎಂದೆ. “ನೀ ಓದು.”