‘ಪರವಾಗಿಲ್ಲ’ ನಡೆಯದ ಕೋಣೆ

ಮೈದಾನದ ಪಕ್ಕದ ಚಿಕಿತ್ಸೆ ಕೋಣೆಯಲ್ಲಿ ಒಂದು ಮಾತು ನಡೆಯುವುದಿಲ್ಲ. ಕಾಲು ಉಳುಕಿಸಿಕೊಂಡವರಿರಲಿ, ಭುಜ ಹಿಡಿದುಕೊಂಡು ಬಂದವರಿರಲಿ, ‘ಹೇಗಿದೆ?’ ಎಂದು ಕೇಳಿದಾಗ ‘ಪರವಾಗಿಲ್ಲ’ ಅನ್ನುವಂತಿಲ್ಲ. ಅಂದರೆ ಬಾಗಿಲಾಚೆ ಹೋಗಿ ನಿಂತು, ಸರಿಯಾದ ಪದ ಹುಡುಕಿಕೊಂಡು ಒಳಗೆ ಬರಬೇಕು. ಈ ಕಾನೂನು ಮಾಡಿದವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಐವತ್ತು ತುಂಬಿರಲಿಲ್ಲ. ಕಾನೂನು ಮಾತ್ರ ಹಾಗೇ ಇದೆ. ಗೋಡೆಯ ಮೇಲೆ ಅವಳ ಕೈಬರಹದ ಹಾಳೆಯೂ ಇದೆ: ಸೆಳೆತ, ಉರಿ, ಚುಚ್ಚು, ಹಿಡಿತ, ಜೋಮು, ಬಿಗಿತ, ಬಾವು, ಹೀಗೆ ಹತ್ತೊಂಬತ್ತು ಬಗೆ. ಕೊನೆಯ ಸಾಲು ‘ಹೆಸರು ಗೊತ್ತಾಗದ್ದು’. ಅದನ್ನೂ ಅವಳು ಒಪ್ಪುತ್ತಿದ್ದಳು. ‘ಪರವಾಗಿಲ್ಲ’ವನ್ನು ಮಾತ್ರ ಒಪ್ಪುತ್ತಿರಲಿಲ್ಲ.

ಎಲ್ಲರೂ ಅವಳನ್ನು ಪಟ್ಟಿ ಎನ್ನುತ್ತಿದ್ದರು, ಕಿರಿಯರು ಪಟ್ಟಿಯಕ್ಕ. ಗಾಯಕ್ಕೆ ಸುತ್ತುವ ಪಟ್ಟಿಯಿಂದ ಬಂದ ಹೆಸರೆಂದು ಹೊಸಬರು ತಿಳಿದುಕೊಳ್ಳುತ್ತಿದ್ದರು. ಅದು ಅರ್ಧ ನಿಜ.

ಕಾಲೇಜಿನ ಎರಡನೇ ವರ್ಷದಲ್ಲಿ ಅವಳು ಹರ್ಡಲ್ಸ್ ಓಡುತ್ತಿದ್ದಳು. ಅಡ್ಡಹಲಗೆಗೆ ತಾಗಿಯೂ ತಾಗದ ಹಾಗೆ ದಾಟುವ ಕಾಲು. ಆ ಕಾಲಿನ ಮೇಲೆ ಕೋಚ್‌ಗೆ ಬಹಳ ಆಸೆಯಿತ್ತು. ಕೋಚ್ ಕತ್ತಿನಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಅವರು ಸೀಟಿ ಸರ್. ಕೆಟ್ಟ ಮನುಷ್ಯರಲ್ಲ. ಮಾತು ಕಮ್ಮಿ, ಹೊಗಳಿಕೆಯಂತೂ ಲೆಕ್ಕಕ್ಕೇ ಇಲ್ಲ. ಕ್ರೀಡಾಕೂಟದ ಹಿಂದಿನ ವಾರ ಅವಳ ತೊಡೆಯ ಹಿಂಭಾಗ ಸೆಳೆಯುತ್ತಿತ್ತು. ಸೀಟಿ ಸರ್ ಹೇಗಿದೆ ಎಂದು ಕೇಳಿದರು. ಅವಳು ಪರವಾಗಿಲ್ಲ ಸರ್ ಎಂದಳು. ಮಾರನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ನೋವಿಲ್ಲವಂತೆ ಎಂದು ಅವರು ತಿಳಿದರು. ನೋವಿದೆ, ತಡೆದುಕೊಳ್ಳುತ್ತೇನೆ ಎಂದು ಹೇಳಿಯಾಯಿತೆಂದು ಅವಳು ತಿಳಿದಳು. ಕೂಟದ ದಿನ ಏಳನೆಯ ಹಲಗೆ ದಾಟುವಾಗ ತೊಡೆಯೊಳಗೆ ಬಟ್ಟೆ ಹರಿದಂತಾಯಿತು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಪದವನ್ನು ಇಬ್ಬರೂ ಬೇರೆ ಬೇರೆ ತುದಿಯಲ್ಲಿ ಹಿಡಿದುಕೊಂಡಿದ್ದರು, ಅಷ್ಟೇ.

ಮುಂದಿನ ತಂಡದ ಹೆಸರುಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದ ದಿನ ಅವಳು ಕುಂಟುತ್ತಾ ಬಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಪಕ್ಕದಲ್ಲಿದ್ದ ಗುಂಡೆಸೆತದವಳು ಅವಳ ತೊಡೆಯ ಕಡೆ ನೋಡಿ, “ಪಟ್ಟಿಯಲ್ಲಿ ನೀನಿಲ್ಲದಿದ್ರೆ ಏನಾಯ್ತೇ, ನಿನ್ನಲ್ಲಿ ಪಟ್ಟಿ ಇದೆಯಲ್ಲ,” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆ ಹೆಸರು ಅಂದು ಅಂಟಿಕೊಂಡಿತು.

ಸ್ನಾಯು ಕೂಡಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟು ದಿನವೂ ಅವಳು ಕೂತಿದ್ದು ಚಿಕಿತ್ಸೆ ಕೋಣೆಯಲ್ಲಿ. ಕೋಣೆಯ ಯಜಮಾನರು ಒಬ್ಬ ವಯಸ್ಸಾದ ಟ್ರೇನರ್. ತಗಡಿನ ಔಷಧಿ ಪೆಟ್ಟಿಗೆ ಇಲ್ಲದೆ ಹೊಸಿಲು ದಾಟಿದವರಲ್ಲ, ಆದ್ದರಿಂದ ಡಬ್ಬಿ ಮೇಷ್ಟ್ರು. ರೆಕ್ಸಿನ್ ಹರಿದ ಎರಡು ಮಂಚ, ಸೋರುವ ಐಸ್ ಪೆಟ್ಟಿಗೆ, ಮುಲಾಮಿನ ಘಾಟು. ಅವರು ಮುಟ್ಟುವ ಮೊದಲು ಕೇಳುತ್ತಿದ್ದರು, ಕೇಳುವ ಮೊದಲು ನೋಡುತ್ತಿದ್ದರು. ಬಂದವರು ಬಾಗಿಲಿಂದ ಮಂಚದವರೆಗೆ ನಡೆಯುವಷ್ಟರಲ್ಲಿ ಅರ್ಧ ವಿಷಯ ಅವರಿಗೆ ತಿಳಿದುಬಿಡುತ್ತಿತ್ತು. ಸುಮ್ಮನೆ ಕೂತವಳ ಕೈಗೆ ಒಂದು ದಿನ ಬಿಚ್ಚಿದ ಪಟ್ಟಿಗಳ ರಾಶಿ ಕೊಟ್ಟು ಸುತ್ತು ಎಂದರು. ಮೂರನೆಯ ವಾರಕ್ಕೆ ಅವಳೇ ಕಾಲ್ಗಿಣ್ಣಿಗೆ ಪಟ್ಟಿ ಹಾಕುತ್ತೇನೆ ಎಂದು ಹಟ ಹಿಡಿದಳು.

ಮೊದಮೊದಲು ಸುಕ್ಕು ಬರುತ್ತಿತ್ತು. ಪಟ್ಟಿಯ ಒಂದು ಸುಕ್ಕು ಓಡುವವರ ಕಾಲಿನಲ್ಲಿ ಒಂದು ಬೊಬ್ಬೆ. ಮನೆಯಲ್ಲಿ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಅಮ್ಮ ಕಾಜಾ ಹಾಕುತ್ತಾ ಕೂತಿದ್ದರೆ ಮಗಳು ಕೆಳಗೆ ಕೂತು ಮೇಜಿನ ಕಾಲಿಗೆ ಪಟ್ಟಿ ಸುತ್ತುವಳು. ಅದು ಬೇಸರವಾದರೆ ಅಮ್ಮನ ಕಾಲಿಗೇ. ಎರಡು ದಿನ ನೋಡಿದ ಅಮ್ಮ ಕನ್ನಡಕ ಮೇಲೇರಿಸಿ, ಎಳೆಯಬೇಡ, ತಿರುವಿನಲ್ಲಿ ಬಟ್ಟೆ ಎತ್ತ ಹೋಗುತ್ತೋ ಕೈಯೂ ಅತ್ತ ಹೋಗಲಿ, ರವಿಕೆಗೆ ತೋಳು ಕೂಡಿಸುವುದೂ ಹಾಗೇ ಎಂದು ಹೇಳಿದರು. ಅಂದಿನಿಂದ ಸುಕ್ಕು ನಿಂತಿತು. ಡಬ್ಬಿ ಮೇಷ್ಟ್ರು ಯಾರು ಹೇಳಿಕೊಟ್ಟರು ಎಂದಾಗ ಅವಳು ಟೈಲರ್ ಎಂದಳು.

ಕಾಲು ಸರಿಹೋಯಿತು, ಆದರೆ ಹಳೆಯ ವೇಗ ಬರಲಿಲ್ಲ. ಅವಳು ಹೆಚ್ಚು ಅಳಲೂ ಇಲ್ಲ. ಅಷ್ಟು ಹೊತ್ತಿಗೆ ಬೇರೆ ದಾರಿ ಗೊತ್ತಾಗಿತ್ತು: ಟ್ರೇನರ್ ಆಗುವ ಎರಡು ವರ್ಷದ ಕೋರ್ಸು. ಮನೆಗೆ ಬಂದ ಚಿಕ್ಕಪ್ಪನ ತಲೆಗೆ ಇದು ಹೋಗಲಿಲ್ಲ. “ಟ್ರೇನರ್ ಅಂದ್ರೆ ಏನಮ್ಮಾ, ಹುಡುಗರನ್ನ ಓಡಿಸೋಳಾ?” ಎಂದು ಕೇಳಿದರು.

“ಅಲ್ಲ ಚಿಕ್ಕಪ್ಪ. ನಿಲ್ಲಿಸೋಳು.”

ಕೋರ್ಸಿನ ಎರಡನೆಯ ವರ್ಷ ಅದೇ ಮೈದಾನದಲ್ಲಿ, ಡಬ್ಬಿ ಮೇಷ್ಟ್ರ ಕೈಕೆಳಗೆ ಕೆಲಸ. ವರ್ಷದ ಕೊನೆಗೆ ಒಂದು ಫಾರಂ ಭರ್ತಿಯಾಗಬೇಕು. ಅದರಲ್ಲಿ ಟ್ರೇನರ್ ಸಹಿ ಒಂದು, ಕೋಚ್ ಅಭಿಪ್ರಾಯ ಮತ್ತು ಸಹಿ ಇನ್ನೊಂದು. ಎರಡರಲ್ಲಿ ಒಂದಿಲ್ಲದಿದ್ದರೂ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ನೀರುಪಾಲು.

ಆ ವರ್ಷದ ದೊಡ್ಡ ಕೂಟಕ್ಕೆ ಎಂಟು ದಿನವಿತ್ತು. ರಿಲೇಯಲ್ಲಿ ಕೊನೆಯ ಸುತ್ತು ಓಡುವ ಹುಡುಗಿ, ಜಡೆ ಸೊಂಟಕ್ಕೆ ಬಡಿಯುತ್ತಿದ್ದುದರಿಂದ ಉದ್ದಜಡೆ ಎನಿಸಿಕೊಂಡವಳು, ಕೋಣೆಗೆ ಬಂದು ಕಣಕಾಲಿಗೆ ಒಂದಿಷ್ಟು ಪಟ್ಟಿ ಹಾಕಿಬಿಡಿ ಎಂದಳು. ಹುಡುಗಿ ನಡೆದು ಬಂದದ್ದನ್ನೇ ಪಟ್ಟಿ ನೋಡುತ್ತಿದ್ದಳು.

“ಹೇಗಿದೆ?”

“ಪರವಾಗಿಲ್ಲ ಅಕ್ಕ.”

ಪಟ್ಟಿಗೆ ಹರ್ಡಲ್ಸ್ ಓಡುತ್ತಿದ್ದ ಕಾಲದ ತನ್ನದೇ ದನಿ ಕೇಳಿದಂತಾಗಿರಬೇಕು.

“ನಾನು ಕೇಳಿದ್ದು ಕಾಲಿನ ಸಮಾಚಾರ. ನಿನ್ನ ಮರ್ಯಾದೆ ಸಮಾಚಾರ ಅಲ್ಲ. ಎಲ್ಲಿ ನೋವು, ತೋರಿಸು.”

ಉದ್ದಜಡೆ ಕಣಕಾಲಿನ ಮೇಲೆ ಅಂಗೈ ಇಟ್ಟಳು. ಅಂಗೈಯಷ್ಟಗಲ ನೋವಾದರೆ ಬಹುಮಟ್ಟಿಗೆ ಸ್ನಾಯುವಿನದು, ನಡೆಯುತ್ತಾ ನಡೆಯುತ್ತಾ ಹಗುರಾಗುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ ಕೂತಿದ್ದರೆ ಮೂಳೆಯ ಬಗ್ಗೆ ಯೋಚಿಸಬೇಕು. ಪಟ್ಟಿ ಮೂಳೆಯ ಗುಂಟ ಒಂದೊಂದೇ ಬೆರಳಗಲ ಒತ್ತುತ್ತಾ ಇಳಿದಳು. ಒಂದು ಕಡೆ ಹುಡುಗಿ ಮಂಚದ ಅಂಚು ಹಿಡಿದಳು. ಆ ಕಾಲೊಂದರಲ್ಲೇ ಕುಪ್ಪಳಿಸು ಎಂದರೆ ಒಂದು ಸಲಕ್ಕೇ ಕೂತುಬಿಟ್ಟಳು. ಆಮೇಲೆ ತಾನಾಗಿಯೇ ಒಂದು ಬೆರಳು ಇಟ್ಟು, “ಇಲ್ಲಿ ಅಕ್ಕ. ಮೂರು ವಾರದಿಂದ,” ಎಂದಳು.

ಡಬ್ಬಿ ಮೇಷ್ಟ್ರೂ ಒತ್ತಿ ನೋಡಿದರು. ಚೀಟಿ ಪುಸ್ತಕ ಪಟ್ಟಿಯ ಮುಂದೆ ತಳ್ಳಿದರು. ಚಿಕಿತ್ಸೆ ಕೋಣೆಯ ಚೀಟಿ ಇಲ್ಲದೆ ಯಾರೂ ಓಡುವಂತಿಲ್ಲವೆಂಬ ನಿಯಮ ಅಲ್ಲಿತ್ತು. ನೀವೇ ಬರೆಯಿರಿ ಎಂದಳು. “ನಾನು ಬರೆದ್ರೆ ನಾನು ಕಲಿತ ಹಾಗಾಯ್ತು,” ಎಂದರು ಅವರು. ಅವಳು ‘ಓಡುವಂತಿಲ್ಲ’ ಎಂದು ಬರೆದು ಹರಿದು ಕೊಟ್ಟಳು.

ಮರುದಿನ ಎಕ್ಸ್‌ರೇ ಬಂತು. ಅದರಲ್ಲಿ ಏನೂ ಇರಲಿಲ್ಲ. ಸೀಟಿ ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡು, ಮೂಳೆ ಲಕ್ಷಣವಾಗಿದೆ,” ಎಂದರು. ಇಂಥ ಬಿರುಕು ಮೊದಲ ವಾರಗಳಲ್ಲಿ ಕಾಣದೇ ಇರಬಹುದು ಎಂದು ಅವಳು ಹೇಳಿದಳು.

“ಫೋಟೋಗೆ ಕಾಣದ್ದು ನಿನಗೆ ಕಾಣುತ್ತಾ?”

“ಬೆರಳಿಗೆ ಕಾಣುತ್ತೆ ಸರ್.”

ಅವರು ಮೇಜಿನ ಖಾನೆಯಿಂದ ಅವಳ ಫಾರಂ ತೆಗೆದು ಮೇಲಿಟ್ಟರು. ಹುಡುಗಿಗೆ ಓಡಬಹುದೆಂದು ಚೀಟಿ ಬರೆದುಕೊಡು, ಇದಕ್ಕೆ ಈಗಲೇ ಸಹಿ ಹಾಕುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕಾದರು. ಅವಳು ನಿಂತೇ ಇದ್ದಳು. ಫಾರಂ ಮತ್ತೆ ಖಾನೆಗೆ ಹೋಯಿತು.

ರಿಲೇಯಲ್ಲಿ ಬದಲಿ ಹುಡುಗಿ ಓಡಿದಳು, ತಂಡ ನಾಲ್ಕನೆಯದಾಯಿತು. ಮೈದಾನದಲ್ಲಿ ಪಟ್ಟಿಯ ಜೊತೆ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಉದ್ದಜಡೆಯೇ ಎಲ್ಲರಿಗಿಂತ ಬಿಗುಮಾನದಲ್ಲಿದ್ದಳು. ಪಟ್ಟಿ ಮಾತ್ರ ದಿನಾ ಬೆಳಿಗ್ಗೆ ಬಂದು ಐಸ್ ಪೆಟ್ಟಿಗೆ ತುಂಬಿಸುವಳು, ಹುಡುಗಿಯ ಕಾಲು ನೋಡುವಳು, ಊರುಗೋಲಿನ ಎತ್ತರ ಸರಿಮಾಡುವಳು. ಸಹಿ ಆಯಿತಾ ಎಂದು ಅಮ್ಮ ಕೇಳಿದ್ದು ಒಂದೇ ಸಲ. ಇಲ್ಲ ಎಂದಾಗ, “ಅಳತೆ ಸರಿ ಇದೆ ತಾನೇ?” ಎಂದರು. ಸರಿ ಇದೆ ಎಂದಳು. “ಹಾಗಾದ್ರೆ ಬಿಚ್ಚಬೇಡ,” ಎಂದು ಅಮ್ಮ ಮತ್ತೆ ಮೆಷಿನ್ ತುಳಿದರು.

ಮೂರು ವಾರದ ನಂತರ ಇನ್ನೊಂದು ಎಕ್ಸ್‌ರೇ ತೆಗೆಸಿದರು. ಈ ಸಲ ಮೂಳೆಯ ಮೇಲೆ ಕೂದಲೆಳೆಯಂಥ ಗೆರೆ, ಅವಳು ಬೆರಳಿಟ್ಟಲ್ಲೇ. ಓಡಿದ್ದರೆ ಮುರಿಯುವ ಸಂಭವವಿತ್ತು ಎಂದರು ಡಾಕ್ಟರು. ಫಾರಂ ಕೊಡಲು ಮರುದಿನವೇ ಕೊನೆ.

ಸಂಜೆ ಸೀಟಿ ಸರ್ ತಾವೇ ಚಿಕಿತ್ಸೆ ಕೋಣೆಗೆ ಬಂದರು. ಮಂಚದ ತುದಿಯಲ್ಲಿ ಕೂತು, ಅಭಿಪ್ರಾಯದ ಜಾಗದಲ್ಲಿ ಒಂದೇ ಪದ ಬರೆದು ಫಾರಂ ಅವಳ ಕೈಗಿಟ್ಟರು. ‘ಪರವಾಗಿಲ್ಲ.’

ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಕಾಲೇಜಿನ ಹಳೆಯ ದಾಖಲೆ ಮುರಿದವನಿಗೂ ಅವರು ಅಂದದ್ದು ಅಷ್ಟೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಗದವನ್ನು ವಾಪಸು ಚಾಚಿದಳು.

“ಸರ್, ಈ ಪದ ಈ ಕೋಣೇಲಿ ಬೇಡ. ನನ್ನ ತೊಡೆ ಹೋಗಿದ್ದು ಇದರಿಂದಲೇ.”

“ನಿನಗೆ ಸಹಿ ಬೇಕೋ ಬೇಡವೋ?”

“ಬೇಕು ಸರ್. ಪದಾನೂ ಬೇಕು.”

ಡಬ್ಬಿ ಮೇಷ್ಟ್ರು ಇಲ್ಲದ ಧೂಳು ಒರೆಸಲು ಶುರುಮಾಡಿದರು. ಸೀಟಿ ಸರ್ ಎದ್ದು ಬಾಗಿಲಾಚೆ ಹೋದರು. ಹೊರಟೇಹೋದರು ಅಂದುಕೊಳ್ಳುವಷ್ಟು ಹೊತ್ತು ಅಲ್ಲೇ ಹೊರಗೆ, ಪೆನ್ನಿನ ಮುಚ್ಚಳ ಕಚ್ಚುತ್ತಾ ನಿಂತಿದ್ದರು. ಆಮೇಲೆ ಒಳಗೆ ಬಂದು ಆ ಪದ ಹೊಡೆದುಹಾಕಿ ಬರೆದರು: ‘ಓಡಬಾರದವಳನ್ನು ಓಡಗೊಡಲಿಲ್ಲ. ನನ್ನ ಮಾತಿಗೂ ಬಗ್ಗಲಿಲ್ಲ.’ ಕೆಳಗೆ ಸಹಿ.

ಬಾಗಿಲಾಚೆ ಕಳಿಸುವ ಕಾನೂನು ಹುಟ್ಟಿದ್ದು ಹೀಗೆ. ಪಟ್ಟಿ ಪರೀಕ್ಷೆ ಮುಗಿಸಿ ಅದೇ ಕೋಣೆಗೆ ಬಂದಳು. ಡಬ್ಬಿ ಮೇಷ್ಟ್ರ ಡಬ್ಬಿ ಅವಳ ಕೈಗೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಎಷ್ಟು ಕಾಲುಗಳನ್ನು ನಿಲ್ಲಿಸಿ ಉಳಿಸಿದಳೋ, ಕಾಲು ಉಳಿದವರೆಲ್ಲ ಓಡುತ್ತಲೇ ಇದ್ದುದರಿಂದ ಯಾರೂ ಎಣಿಸಲಿಲ್ಲ. ಆ ಕೂಟದ ಮರುವರ್ಷ ಎರಡೂ ಕಾಲಿನಲ್ಲಿ ಓಡಿದ ಉದ್ದಜಡೆ ಅವಳ ಗೆಳತಿಯಾದಳು, ಕೊನೆಯವರೆಗೂ.

ಮೊನ್ನೆ ಕೋಣೆಯ ಸಾಮಾನು ಜೋಡಿಸಲು ಹೋದ ಉದ್ದಜಡೆಗೆ ಡಬ್ಬಿಯ ತಳದಲ್ಲಿ ಆ ಫಾರಂನ ನಕಲು ಸಿಕ್ಕಿತು. ಸೀಟಿ ಸರ್‌ಗೆ ಈಗ ಎಪ್ಪತ್ತು ದಾಟಿದೆ. ಅವರೂ ಬಂದಿದ್ದರು. ಓದಿ ಮಡಚಿಟ್ಟು, “ಹೇಗಿದ್ದೀಯಮ್ಮಾ?” ಎಂದು ಕೇಳಿದರು. ಉದ್ದಜಡೆಯ ನಾಲಿಗೆ ತುದಿಗೆ ಆ ಪದ ಬಂದೇಬಿಟ್ಟಿತ್ತು. ನುಂಗಿಕೊಂಡು ತಾನಾಗಿಯೇ ಬಾಗಿಲಾಚೆ ಹೋಗಿ ನಿಂತಳು. ಒಳಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದವಳು ಎದೆಯ ಮೇಲೆ ಬೆರಳಲ್ಲ, ಅಂಗೈ ಇಟ್ಟು ತೋರಿಸಿದಳು.

ಸೀಟಿ ಸರ್ ನೋಡಿ ತಲೆಯಾಡಿಸಿದರು. “ಹಾಗಾದ್ರೆ ನಡೀಬಹುದು. ನಡೀತಾ ನಡೀತಾ ಹಗುರಾಗುತ್ತೆ,” ಎಂದರು.